ಉಳ್ಳೂರಿಗೆ ಎಷ್ಟು ದೂರ?

ಕೊಚ್ಚಿಯ ವಿಮಾನ ನಿಲ್ದಾಣದಿಂದ ತಿರುವನಂತಪುರದ ವಿಮಾನ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 194 ಕಿಲೋಮೀಟರು. ಹಳಬರ ಲೆಕ್ಕದಲ್ಲಿ 120 ಮೈಲಿ. ವಿಮಾನಕ್ಕೆ ಮುಕ್ಕಾಲು ಗಂಟೆಯ ಹಾದಿ. ಈ ಲೆಕ್ಕವನ್ನು ನಂಬಿಕೊಂಡು ನಾನು ಒಮ್ಮೆ ಪೇಚಿಗೆ ಸಿಕ್ಕಿಕೊಳ್ಳುವುದರಲ್ಲಿದ್ದೆ.

ಉದ್ಯೋಗದ ನಿಮಿತ್ತ ನಾನಿರುವುದು ಎರ್ನಾಕುಳಂನಲ್ಲಿ, ಸರ್ಕಾರಿ ಕಚೇರಿಯೊಂದರ ಗುಮಾಸ್ತನಾಗಿ. ತುಲಾ ಮಾಸದ ಒಂದು ದಿನ, ಬೆಳಿಗ್ಗೆ ಹನ್ನೊಂದರ ಸಮಯ, ಅಕ್ಕನ ಫೋನು ಬಂದಿತು. ಚಿಕಿತ್ಸೆಗಾಗಿ ಭಾವನವರನ್ನು ಮೈಸೂರಿನಿಂದ ತಿರುವನಂತಪುರಕ್ಕೆ ಕರೆತಂದಿದ್ದಳು; ಉಳ್ಳೂರಿನಲ್ಲಿ ಕೊಠಡಿ ಹಿಡಿದಿದ್ದಳು. "ನಾಳೆ ಬೆಳಗಿನ ಜಾವವೇ ಆಪರೇಷನ್ನಿಗೆ ಒಯ್ಯುತ್ತಾರಂತೆ. ರಾತ್ರಿ ಎಂಟರ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಅಷ್ಟರೊಳಗೆ ಬಾರೋ" ಎಂದಳು.

ವಿಮಾನದಲ್ಲೇ ಹೋಗುವುದೆಂದು ನಿಶ್ಚಯಿಸಿದೆ. ಆಮೇಲೆ ಕಾಗದ ಪೆನ್ಸಿಲು ತೆಗೆದುಕೊಂಡೆ. 1999ಕ್ಕೆ ಮುಂಚೆ ಕೊಚ್ಚಿಯ ವಿಮಾನಗಳು ಊರಿಗಂಟಿದ ವಿಲಿಂಗ್‌ಡನ್ ದ್ವೀಪದಲ್ಲಿ ಇಳಿಯುತ್ತಿದ್ದವು. ಈಗಿನದು ನೆಡುಂಬಾಶ್ಶೇರಿ, ಅಲ್ಲಿಗೇ ಒಂದು ಗಂಟೆ. ಎರಡು ಗಂಟೆ ಮುಂಚೆ ಹೋಗಿ ಕಾಯಬೇಕು. ಹಾರಾಟ ಮುಕ್ಕಾಲು ಗಂಟೆ. ಇಳಿದು ಹೊರಬರಲು ಅರ್ಧ, ಉಳ್ಳೂರು ಮುಟ್ಟಲು ಇನ್ನರ್ಧ. ಒಟ್ಟು ನಾಲ್ಕೂ ಮುಕ್ಕಾಲು ಗಂಟೆ! ರೈಲಿಗಾದರೆ ನಿಲ್ದಾಣಕ್ಕೆ ಅರ್ಧ, ಪ್ರಯಾಣ ನಾಲ್ಕು, ಅಲ್ಲಿಂದ ಆಟೋದಲ್ಲಿ ಅರ್ಧ, ಒಟ್ಟು ಐದು. ಉಳಿಯುವುದು ಕಾಲು ಗಂಟೆ ಮಾತ್ರ.

ಪಕ್ಕದ ಮೇಜಿನ ಮಲಯಾಳಿ ಸಹೋದ್ಯೋಗಿ ನನ್ನ ಲೆಕ್ಕ ನೋಡಿ, "ಇವತ್ತು ಆರಾಟ್ಟು, ಸಾರ್. ಸಂಜೆ ಅಲ್ಲಿ ವಿಮಾನವೇ ಇಳಿಯುವುದಿಲ್ಲ" ಎಂದರು.

ಸಂಗತಿ ಹೀಗಿದೆ. ವರ್ಷಕ್ಕೆ ಎರಡು ಬಾರಿ ಶ್ರೀ ಪದ್ಮನಾಭಸ್ವಾಮಿಯ ಉತ್ಸವಮೂರ್ತಿ ಅವಭೃಥ ಸ್ನಾನಕ್ಕೆ ಶಂಖುಮುಖದ ಕಡಲಿಗೆ ಬಿಜಯಮಾಡುತ್ತದೆ. ಮೆರವಣಿಗೆಯ ಹಾದಿ ಹಿಂದಿನದು. ವಿಮಾನ ನಿಲ್ದಾಣ ಹುಟ್ಟಿದ್ದು 1932ರಲ್ಲಿ, ಟಾಟಾದವರ ಅಂಚೆ ವಿಮಾನ ಬಂದಿಳಿದದ್ದು 1935ರಲ್ಲಿ. ಆದ್ದರಿಂದ ದೇವರು ಈಗಲೂ ರನ್‌ವೇಯನ್ನೇ ದಾಟಿ ಹೋಗುತ್ತಾನೆ. ಆ ಕೆಲವು ಗಂಟೆ ವಿಮಾನಗಳೆಲ್ಲ ನಿಲ್ಲುತ್ತವೆ.

ಅರ್ಧ ದಿನದ ರಜೆ ಬರೆದುಕೊಟ್ಟು ಒಂದೂವರೆಯ ಹೊತ್ತಿಗೆ ರೈಲು ಹಿಡಿದೆ. ಕೊಲ್ಲಂ ದಾಟುವವರೆಗೂ ಗಡಿಯಾರ ನೋಡುವುದೇ ಕೆಲಸವಾಯಿತು. ಪಟ್ಟಂ, ಕೇಶವದಾಸಪುರ ಕಳೆದು ಉಳ್ಳೂರು ಸೇರಿದಾಗ ದೀಪ ಹಚ್ಚಿದ್ದರು. ಊರಿನ ಹೆಸರಿನಿಂದಲೇ ಖ್ಯಾತರಾದ ಮಹಾಕವಿ ಉಳ್ಳೂರ್ ಪರಮೇಶ್ವರ ಅಯ್ಯರ್ (1877–1949) ಅವರೂ ತಿರುವಾಂಕೂರು ಸರ್ಕಾರದ ನೌಕರಿಯಲ್ಲಿದ್ದವರೇ. ಇನ್ನೊಂದು ದಿನವಾಗಿದ್ದರೆ ಅವರ ನೆನಪಿನಲ್ಲಿ ಆ ಬೀದಿಗಳನ್ನು ಸುತ್ತುತ್ತಿದ್ದೆನೋ ಏನೋ. ಅಂದು ಅಕ್ಕನನ್ನು ಕರೆದುಕೊಂಡು ನೇರ ಆಸ್ಪತ್ರೆಗೆ ಓಡಿದೆ.

ಎಂಟಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಭಾವ ಕೈ ಹಿಡಿದುಕೊಂಡು, "ವಿಮಾನದಲ್ಲಿ ಬಂದೆಯೇನೋ?" ಎಂದರು.

"ಇಲ್ಲ ಭಾವ, ಇವತ್ತು ದೇವರಿಗೆ ದಾರಿ ಬಿಟ್ಟುಕೊಟ್ಟೆ" ಎಂದೆ. ಅವರು ನಕ್ಕರು. ನಾಲ್ಕು ದಿನಗಳಲ್ಲಿ ಅಂದೇ ಮೊದಲು ನಕ್ಕದ್ದೆಂದು ಅಕ್ಕ ಹೊರಗೆ ಬಂದಮೇಲೆ ಹೇಳಿ ಕಣ್ಣೊರೆಸಿಕೊಂಡಳು.

ಭಾವ ಗುಣಮುಖರಾಗಿ ಊರಿಗೆ ಮರಳಿದರು. ಈಗ ಯಾರಾದರೂ ತಿರುವನಂತಪುರ ಎಷ್ಟು ದೂರವೆಂದು ಕೇಳಿದರೆ ನಾನು 194 ಎನ್ನುವುದಿಲ್ಲ. ಯಾರ ಮನೆಯ ಬಾಗಿಲಿನಿಂದ, ಯಾರ ಹಾಸಿಗೆಯ ಬಳಿಗೆ ಎಂದು ಕೇಳುತ್ತೇನೆ.