ಘಟ್ಟ ಇಳಿಯುವ ಮುನ್ನ

ನಿಮ್ಮ ಮನೆಯಲ್ಲಿಯೂ ಹದಿನೈದರ ಮಗನೋ ಮಗಳೋ ಇದ್ದರೆ ನನ್ನ ಅಳುಕು ನಿಮಗೆ ಅರ್ಥವಾದೀತು. ದಸರಾ ರಜೆಯಲ್ಲಿ ಮೈಸೂರಿನಿಂದ ಮಡಿಕೇರಿಯ ಮಾರ್ಗವಾಗಿ ಮಂಗಳೂರಿಗೆ ಸೈಕಲ್ಲಿನಲ್ಲಿ ಹೋಗೋಣವೆಂದು ಮಗಳು ಕೇಳಿದಳು. ಸುಮಾರು 250 ಕಿಲೋಮೀಟರ್. ನಾಲ್ಕು ದಿನಗಳು ಸಾಕು. ಕುಶಾಲನಗರ ದಾಟಿದ ಮೇಲಿನ ಏರಿನಲ್ಲಿ ದಣಿದರೆ ಇಳಿದು ತಳ್ಳಬಹುದು. ಅಂಜಿಕೆಯಿರುವುದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ತಿರುವುಗಳಲ್ಲಿ. ಬ್ರೇಕನ್ನು ಹಿಡಿದೇ ಇಳಿದರೆ ರಿಮ್ಮು ಕಾದು ಟ್ಯೂಬು ಸಿಡಿಯಬಹುದು. ಬಿಟ್ಟು ಬಿಟ್ಟು ಹಿಡಿಯಬೇಕು; ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು.

ಇದನ್ನು ಕಲಿಸಲೆಂದೇ ಕಳೆದ ಶನಿವಾರ ಮುಂಜಾನೆ ಅವಳನ್ನು ಚಾಮುಂಡಿ ಬೆಟ್ಟಕ್ಕೆ ಕರೆದೊಯ್ದೆ. ಇಳಿಯುವಾಗ ಹಿಂದಿನಿಂದ ‘ಹಿಡಿ, ಬಿಡು’ ಎಂದು ಕೂಗುತ್ತಲೇ ಇದ್ದೆ. (ಕಲಿಸುವವರಿಗೆ ತಮ್ಮ ದನಿಯೇ ಇಂಪು, ಅಲ್ಲವೇ?) ಕೆಳಗೆ ಬಂದು ಸೈಕಲ್ಲು ನಿಲ್ಲಿಸಿದವಳ ಕೈಗಳು ನಡುಗುತ್ತಿದ್ದವು.

“ಅಪ್ಪಾ, ನಿಮ್ಮ ಕೂಗಿನಲ್ಲಿ ಹಿಂದಿನಿಂದ ಬಂದ ಬಸ್ಸಿನ ಸದ್ದೇ ನನಗೆ ಕೇಳಿಸಲಿಲ್ಲ” ಎಂದಳು.

ನಾನು ನಿರುತ್ತರನಾದೆ. ಪಂಕ್ಚರ್ ಹಾಕುವ ಸಾಮಾನು, ಎರಡು ಟ್ಯೂಬು, ಮಳೆಯಂಗಿ ಈಗಾಗಲೇ ಚೀಲ ಸೇರಿವೆ. ಸಂಪಾಜೆಯ ಇಳಿಜಾರಿನಲ್ಲಿ ಅವಳೇ ಮುಂದಿರಲೆಂದು ಒಪ್ಪಿದ್ದೇನೆ. ಬಾಯಿ ಮುಚ್ಚಿಕೊಂಡು ಹಿಂಬಾಲಿಸುವುದನ್ನು ಅಭ್ಯಾಸ ಮಾಡಲು ನಾಳೆ ಮತ್ತೊಮ್ಮೆ ಬೆಟ್ಟ ಹತ್ತಬೇಕಾಗಿದೆ.