ಕಾಲುವೆಯ ಕೊನೆಯ ಮೈಲಿಗಳಲ್ಲಿ

ಗಂಗಾವತಿಯಲ್ಲಿ ರಾಯಚೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತರೆ ಸಾಕು, ನೀರಾವರಿಯ ಪಾಠ ತಾನಾಗಿಯೇ ನಡೆಯುತ್ತದೆ. ಕಾರಟಗಿ, ಸಿಂಧನೂರಿನವರೆಗೂ ಎಲ್ಲೆಲ್ಲೂ ಭತ್ತ. ನಡುನಡುವೆ ಆಂಧ್ರದಿಂದ ಬಂದು ನೆಲೆಸಿದವರ ‘ಕ್ಯಾಂಪು’ಗಳು, ಅಕ್ಕಿ ಗಿರಣಿಗಳು. ಮಾನ್ವಿ ದಾಟಿದಂತೆ ಹಸಿರು ತುಂಡುತುಂಡಾಗುತ್ತದೆ. ಹತ್ತಿ, ಜೋಳ, ಅಲ್ಲಲ್ಲಿ ಬರಿಯ ಎರೆಭೂಮಿ. ಕಾಲುವೆ ಮಾತ್ರ ಒಂದೇ.

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹುಟ್ಟಿ 227 ಕಿ.ಮೀ. ಹರಿಯುತ್ತದೆ. ಇಲ್ಲಿನವರ ಬಾಯಲ್ಲಿ ಇಂದಿಗೂ ಮೈಲಿಯದೇ ಲೆಕ್ಕ. ಯೋಜನೆ ರೂಪಿಸಿದವರು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ ಹೆಚ್ಚಾಗಿ ನಂಬಿದ್ದರು. ಭತ್ತಕ್ಕೆ ಸಣ್ಣ ಪಾಲು. ಮೇಲ್ಭಾಗದಲ್ಲಿ ಭತ್ತ ಕೈಹಿಡಿಯಿತು, ಲೆಕ್ಕ ತಪ್ಪಿತು. ಜೊತೆಗೆ ಹೂಳು ಬೇರೆ: ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ಸುಮಾರು 105 ಮಾತ್ರ.

ಕಚೇರಿಯ ಅಳತೆ ಕ್ಯೂಸೆಕ್. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್, ಒಂದು ದಿನ ಹರಿದರೆ ಎರಡು ಎಕರೆಯಲ್ಲಿ ಒಂದಡಿ ನೀರು ನಿಲ್ಲುತ್ತದೆ. ಗಣಿತ ಸರಿಯಾಗಿಯೇ ಇದೆ. ಆದರೆ ರೈತ ಕೇಳುವುದೇ ಬೇರೆ. ನೀರು ಎಂದು ಬರುತ್ತದೆ? ಎಷ್ಟು ದಿನ ನಿಲ್ಲುತ್ತದೆ? ಹಗಲೋ ರಾತ್ರಿಯೋ? ಎಲ್ಲಕ್ಕಿಂತ ಮುಖ್ಯ, ಗೇಜು ಎಷ್ಟಿದೆ? ತೂಬಿನಿಂದ ಹೊರಬರುವ ನೀರು ಅದರ ಮೇಲೆ ನಿಂತ ನೀರಿನ ಎತ್ತರವನ್ನು ಅವಲಂಬಿಸಿದೆ. ಮಟ್ಟ ಇಳಿದರೆ ಕಾಲುವೆಯಲ್ಲಿ ನೀರು ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಹೊಲಕ್ಕೆ ಏರುವುದಿಲ್ಲ. ನಾನು ಮಕ್ಕಳಿಗೆ ತೂತು ಮಾಡಿದ ಡಬ್ಬಿ ಹಿಡಿದು ತೋರಿಸುವ ಇದನ್ನು ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ.

ಕೊನೆ ಭಾಗದ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರನ್ನು “ಈ ಸಲ ನೀರು ಹೇಗೆ?” ಎಂದು ಕೇಳಿದೆ.

“ನೀರು ಬಂದಾವ್ರಿ ಸರ. ಆದ್ರ ಹೂ ಉದುರಿದ ಮ್ಯಾಲ ಬಂದಾವ.”

ಆ ನೀರೂ ದಾಖಲೆಯಲ್ಲಿ ಪೂರೈಕೆಯೇ! ನೀರಾವರಿಯ ಸೇವೆಗೆ ಅಂಕ ಕೊಡುವುದಾದರೆ ಜಲಾಶಯದ ಬಾಗಿಲಲ್ಲಿ ಅಲ್ಲ, ಕಟ್ಟಕಡೆಯ ತೂಬಿನ ಬಳಿ ನಿಂತು, ತಾರೀಖು ಹಾಕಿ ಕೊಡಬೇಕೆಂದು ನನ್ನ ವಾದ. ನೀರು ಬಳಕೆದಾರರ ಸಹಕಾರ ಸಂಘಗಳು ಆ ಪುಸ್ತಕ ಬರೆದಿಡಬಹುದು.

ಸದ್ಯಕ್ಕೆ ಆ ಕೆಲಸ ಯುವಕರದು. ಬೈಕು ಹತ್ತಿ ಮೇಲಿನ ಗೇಜು ನೋಡಿ ಬರುತ್ತಾರೆ. ಆ ಪೆಟ್ರೋಲಿನ ಖರ್ಚನ್ನೂ ಹಿರಿಯರು ನೀರಿನ ಕರಕ್ಕೇ ಕೂಡಿಸಿ ಹೇಳಿದರು.