ಪತ್ತೇದಾರನ ತಪ್ಪು, ಪ್ರೇಕ್ಷಕಿಯ ತೀರ್ಪು

ಒಮ್ಮೆ ತಳೆದ ಅಭಿಪ್ರಾಯವನ್ನು ಬದಲಿಸುವುದನ್ನು ಲೋಕವು ಚಂಚಲತೆಯೆಂದು ಕರೆಯುತ್ತದೆ. ಹಿಡಿದ ಮಾತನ್ನು ಕೊನೆಯವರೆಗೂ ಬಿಡದಿರುವುದನ್ನು ದೃಢತೆಯೆಂದು ಹೊಗಳುತ್ತದೆ. ಆದರೆ ಆ ಮಾತು ಇನ್ನೊಬ್ಬರ ಜೀವಕ್ಕೆ ಸಂಬಂಧಿಸಿದ್ದಾದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಶಾಲಾ ಶಿಕ್ಷಕಿಯೊಬ್ಬರು ಒಂದು ಪತ್ತೇದಾರಿ ಧಾರಾವಾಹಿಯ ವಿಷಯದಲ್ಲಿ ತಳೆದ, ತೊರೆದ, ಮತ್ತೆ ತಳೆದ ಅಭಿಪ್ರಾಯಗಳು ಇದಕ್ಕೆ ನಿದರ್ಶನವಾಗಿವೆ.

1974ರ ನವೆಂಬರ್ 21ರ ರಾತ್ರಿ ಆ ನಗರದ ಎರಡು ಪಾನಗೃಹಗಳಲ್ಲಿ ಬಾಂಬುಗಳು ಸಿಡಿದು 21 ಮಂದಿ ಸತ್ತರು. ಸತ್ತವರಲ್ಲಿ ಬಹುಪಾಲು ಎಳೆಯ ವಯಸ್ಸಿನವರು. ಶಿಕ್ಷಕಿಗೂ ಆಗ ಅದೇ ವಯಸ್ಸು. ಆರು ಮಂದಿ ಐರಿಷ್ ಮೂಲದವರನ್ನು ಪೊಲೀಸರು ಬಂಧಿಸಿದರು. 1975ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಅವರೇ ಅಪರಾಧಿಗಳೆಂಬುದರಲ್ಲಿ ನಗರದಲ್ಲಿ ಹೆಚ್ಚಿನವರಿಗೆ ಸಂಶಯವಿರಲಿಲ್ಲ. ಇಂಥವರಿಗೆ ಗಲ್ಲು ಶಿಕ್ಷೆ ಮರಳಿ ಬರಬೇಕೆಂದು ಕೂಗಿದವರ ದನಿಯೊಡನೆ ಆಕೆಯ ದನಿಯೂ ಸೇರಿತ್ತು.

ಅದೇ 1975ರಲ್ಲಿ ಬ್ರಿಟಿಷ್ ದೂರದರ್ಶನದಲ್ಲಿ ‘ದ ಸ್ವೀನಿ’ ಎಂಬ ಧಾರಾವಾಹಿ ಆರಂಭವಾಯಿತು. ಅದರ ನಾಯಕ ಜ್ಯಾಕ್ ರೀಗನ್ ಎಂಬ ಲಂಡನ್ನಿನ ಪೊಲೀಸ್ ಅಧಿಕಾರಿ. ಆ ಪಾತ್ರವನ್ನು ವಹಿಸಿದವರು ಜಾನ್ ಥಾ. ರೀಗನ್ ನಿಯಮಗಳನ್ನು ಬದಿಗಿಡುತ್ತಾನೆ, ಬೆದರಿಸುತ್ತಾನೆ, ಕೈಯೆತ್ತುತ್ತಾನೆ. ಪೊಲೀಸನೆಂದರೆ ಹೀಗಿರಬೇಕೆಂದು ಶಿಕ್ಷಕಿ ಮೆಚ್ಚಿಕೊಂಡಿದ್ದರು.

1987ರ ಜನವರಿಯಲ್ಲಿ ಅದೇ ನಟ ‘ಇನ್‌ಸ್ಪೆಕ್ಟರ್ ಮೋರ್ಸ್’ ಆಗಿ ಬಂದಾಗ ಆಕೆಗೆ ನಿರಾಶೆಯಾಯಿತು. ಕಾಲಿನ್ ಡೆಕ್ಸ್ಟರ್ ಅವರ ಕಾದಂಬರಿಗಳನ್ನು ಆಧರಿಸಿದ ಈ ಧಾರಾವಾಹಿಯ ನಾಯಕ ಆಕ್ಸ್‌ಫರ್ಡಿನಲ್ಲಿ ಕೆಂಪು ಜಾಗ್ವಾರ್ ಕಾರಿನಲ್ಲಿ ತಿರುಗುತ್ತಾನೆ, ಪದಬಂಧ ಬಿಡಿಸುತ್ತಾನೆ, ವಾಗ್ನರ್‌ನ ಸಂಗೀತ ಕೇಳುತ್ತಾನೆ. ಶವವನ್ನು ಕಂಡರೆ ಮುಖ ತಿರುಗಿಸುತ್ತಾನೆ. ಒಂದೊಂದು ಕಥೆಯೂ ಜಾಹೀರಾತು ಸೇರಿ ಎರಡು ಗಂಟೆ ಸಾಗುತ್ತದೆ. ಇದು ಸೋಮಾರಿಯ ಪತ್ತೇದಾರಿಕೆ ಎಂಬುದು ಶಿಕ್ಷಕಿಯ ಮೊದಲ ತೀರ್ಪು. ಒಂದೆರಡು ವರ್ಷಗಳಲ್ಲಿ ಆ ತೀರ್ಪು ಸಡಿಲವಾಯಿತು. ಕಥೆಯ ತೊಡಕನ್ನು ಮೋರ್ಸ್‌ಗಿಂತ ಮೊದಲೇ ಬಿಡಿಸುವುದು ಆಕೆಗೆ ಒಂದು ಆಟವಾಯಿತು. ಆದರೂ ಒಂದು ಆಕ್ಷೇಪ ಉಳಿದಿತ್ತು: ಇಷ್ಟು ಬುದ್ಧಿವಂತನಾದ ಮೋರ್ಸ್ ಇಷ್ಟೊಂದು ಬಾರಿ ತಪ್ಪುವುದೇಕೆ? ಡೆಕ್ಸ್ಟರ್ ಅವರ ಜೆರಿಕೊ ಕಥೆಯಲ್ಲಿ ಅವನು ಗ್ರೀಕ್ ನಾಟಕದ ಈಡಿಪಸ್‌ನ ಹೋಲಿಕೆ ಹಿಡಿದು ಒಂದು ಭವ್ಯವಾದ ವಾದವನ್ನೇ ಕಟ್ಟುತ್ತಾನೆ. ಅದು ಪೂರ್ತಿಯಾಗಿ ಸುಳ್ಳಾಗುತ್ತದೆ. ಇದನ್ನು ಆಕೆ ಕಥೆಯ ದೋಷವೆಂದೇ ಎಣಿಸಿದ್ದರು.

1991ರ ಮಾರ್ಚ್ 14ರಂದು ಬರ್ಮಿಂಗ್‌ಹ್ಯಾಮಿನ ಆ ಆರು ಮಂದಿ 16 ವರ್ಷಗಳ ಸೆರೆವಾಸದ ಬಳಿಕ ನಿರಪರಾಧಿಗಳಾಗಿ ಹೊರಬಂದರು. ಪೊಲೀಸರ ವಿಚಾರಣಾ ದಾಖಲೆಗಳು ನಂಬಲರ್ಹವಲ್ಲವೆಂಬುದು ಹೊಸ ಪರೀಕ್ಷೆಗಳಿಂದ ತಿಳಿದುಬಂದಿತ್ತು. ಕೈಗೆ ಸ್ಫೋಟಕ ಅಂಟಿತ್ತೆಂದು ತೋರಿಸಿದ್ದ ರಾಸಾಯನಿಕ ಪರೀಕ್ಷೆಯೂ ಬಿದ್ದುಹೋಗಿತ್ತು. ಇಸ್ಪೀಟೆಲೆಗಳ ಲೇಪದಂತಹ ವಸ್ತುವನ್ನು ಮುಟ್ಟಿದ ಕೈಯೂ ಆ ಪರೀಕ್ಷೆಯಲ್ಲಿ ಅದೇ ಫಲಿತಾಂಶ ಕೊಡಬಲ್ಲದು. ಬಂಧನಕ್ಕೆ ಮುಂಚೆ ಅವರಲ್ಲಿ ಕೆಲವರು ರೈಲಿನಲ್ಲಿ ಇಸ್ಪೀಟು ಆಡಿದ್ದರು. ಬ್ರಿಟನ್ನಿನಲ್ಲಿ ಕೊಲೆಗೆ ಮರಣದಂಡನೆ ವಿಧಿಸುವುದು 1965ರಲ್ಲಿ ಸ್ಥಗಿತಗೊಂಡು 1969ರಲ್ಲಿ ಶಾಶ್ವತವಾಗಿ ರದ್ದಾಗಿತ್ತು. ಇಲ್ಲದಿದ್ದರೆ ಬಿಡುಗಡೆಗೆ ಅವರು ಬದುಕಿರುತ್ತಿರಲಿಲ್ಲ. ತಾನು ಅಂದು ಕೋರಿದ್ದು ಏನನ್ನೆಂಬುದು ಶಿಕ್ಷಕಿಗೆ ಅರಿವಾಯಿತು.

ಅನಂತರ ಕೆಲವು ಕಾಲ ಆಕೆ ಮೋರ್ಸ್‌ನನ್ನು ನೋಡಲಿಲ್ಲ. ಸಂಗೀತ ಕೇಳುವ, ಮನಸ್ಸಿನಲ್ಲಿ ಕಳಂಕವಿಲ್ಲದ ಪೊಲೀಸ್ ಅಧಿಕಾರಿ ಒಂದು ಹಿತವಾದ ಸುಳ್ಳೆಂದು ತೋರಿತು. ಇದು ಆಕೆಯ ಮೂರನೆಯ ತೀರ್ಪು. ಮತ್ತೆ ನೋಡತೊಡಗಿದಾಗ, ಹಿಂದೆ ದೋಷವೆಂದು ಕಂಡಿದ್ದೇ ಕಥೆಯ ತಿರುಳೆಂದು ಕಾಣಿಸಿತು. ಮೋರ್ಸ್ ಕಟ್ಟಿದ ವಾದವು ಸುಂದರವಾಗಿರುತ್ತದೆ. ಒಂದು ಸಣ್ಣ ಸಂಗತಿ ಅದಕ್ಕೆ ಹೊಂದುವುದಿಲ್ಲ. ಅವನು ಸಿಡುಕುತ್ತಾನೆ, ಸಾರ್ಜೆಂಟ್ ಲೂಯಿಸ್‌ನನ್ನು ಗದರುತ್ತಾನೆ. ಆದರೂ ಕೊನೆಗೆ ವಾದವನ್ನು ಬಿಡುತ್ತಾನೆಯೇ ಹೊರತು ಸಂಗತಿಯನ್ನು ತಿರುಚುವುದಿಲ್ಲ. 1974ರಲ್ಲಿ ನಡೆದದ್ದು ಇದಕ್ಕೆ ವಿರುದ್ಧವಾದದ್ದು: ಅಲ್ಲಿ ವಾದ ಮೊದಲು ನಿಂತಿತು, ಸಂಗತಿಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಲಾಯಿತು.

ಲೂಯಿಸ್‌ನ ಪಾತ್ರವನ್ನೂ ಆಕೆ ಆಗಲೇ ಸರಿಯಾಗಿ ಗಮನಿಸಿದ್ದು. ಕೆವಿನ್ ವೇಟ್ಲಿ ಅಭಿನಯಿಸಿದ ಈ ಸಾಮಾನ್ಯ ಸಂಸಾರಸ್ಥ ಗ್ರೀಕ್ ಬಲ್ಲವನಲ್ಲ. ಆದರೆ ಮೇಲಧಿಕಾರಿಯ ವಾದಕ್ಕೆ ಹೊಂದದ ಸಂಗತಿಯನ್ನು ವಿನಯದಿಂದ ಎತ್ತಿ ಹೇಳುವವನು ಅನೇಕ ಬಾರಿ ಅವನೇ. 2000ದ ನವೆಂಬರಿನಲ್ಲಿ 33ನೆಯ ಹಾಗೂ ಕೊನೆಯ ಕಥೆ ಪ್ರಸಾರವಾಯಿತು. ಅದರಲ್ಲಿ ಸಾಯುವ ಮುನ್ನ ಮೋರ್ಸ್ ತನ್ನ ಕೃತಜ್ಞತೆಯನ್ನು ತಿಳಿಸಲು ಹೇಳುವುದು ಲೂಯಿಸ್‌ನಿಗೆ. ಹದಿಮೂರು ವರ್ಷ ಗದರಿಸಿಕೊಂಡವನಿಗೆ ಸಲ್ಲಬೇಕಾದ ಋಣ ಅದು.

ಬ್ರಿಟಿಷ್ ಸಮಾಜವೂ ತನ್ನ ತಪ್ಪನ್ನು ತಿದ್ದಿಕೊಳ್ಳಲು ಒಂದು ದಾರಿ ಮಾಡಿಕೊಂಡಿತು. ಆರು ಮಂದಿ ಬಿಡುಗಡೆಯಾದ ದಿನವೇ ಪ್ರಕಟವಾದ ರಾಜ ಆಯೋಗದ ಶಿಫಾರಸಿನಂತೆ, ಅನ್ಯಾಯದ ತೀರ್ಪುಗಳನ್ನು ಪರಿಶೀಲಿಸುವ ಸ್ವತಂತ್ರ ಆಯೋಗವೊಂದು 1997ರಲ್ಲಿ ಕಾರ್ಯಾರಂಭ ಮಾಡಿತು. ಆದರೂ ಎಲ್ಲವೂ ಸರಿಹೋಗಲಿಲ್ಲ. ಆ 21 ಮಂದಿ ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರೆಂದು 2019ರ ಮರಣ ವಿಚಾರಣೆಯು ನಿರ್ಣಯಿಸಿತು. ಆದರೆ ಆ ಕೊಲೆಗಳಿಗಾಗಿ ಬೇರೆ ಯಾರಿಗೂ ಶಿಕ್ಷೆಯಾಗಿಲ್ಲ. ತಪ್ಪು ನಿಶ್ಚಯವು ನಿರಪರಾಧಿಗಳ 16 ವರ್ಷಗಳನ್ನು ಕಸಿದದ್ದಷ್ಟೇ ಅಲ್ಲ, ಸತ್ತವರ ಮನೆಯವರಿಗೆ ದೊರೆಯಬೇಕಾಗಿದ್ದ ಸತ್ಯವನ್ನೂ ಕಸಿಯಿತು. ತಿರುಚಿದ ತನಿಖೆಯಿಂದ ಸತ್ತವರ ಪಕ್ಷಕ್ಕೂ ಉಪಕಾರವಾಗುವುದಿಲ್ಲ.

ಪತ್ತೇದಾರಿ ಕಥೆಯಲ್ಲಿ ತಪ್ಪು ಎರಡು ಗಂಟೆಗಳಲ್ಲಿ ತಿದ್ದಿಹೋಗುತ್ತದೆ. ಬದುಕಿನಲ್ಲಿ ಅದಕ್ಕೆ ಹದಿನಾರು ವರ್ಷ ಬೇಕಾಗಬಹುದು, ಕೆಲವೊಮ್ಮೆ ಅದು ತಿದ್ದದೆಯೂ ಹೋಗಬಹುದು. ತಪ್ಪಲಾರೆನೆಂಬ ಭರವಸೆಯನ್ನು ಯಾವ ಮನುಷ್ಯನೂ ಕೊಡಲಾರ. ಹೊಂದದ ಸಂಗತಿಯನ್ನು ಎತ್ತಿ ತೋರುವವನ ಮಾತಿಗೆ ಕಿವಿಗೊಡುವುದು, ತಿದ್ದಲಾಗದ ಶಿಕ್ಷೆಯನ್ನು ಕೋರದಿರುವುದು, ಇವೆರಡು ಮಾತ್ರ ಎಲ್ಲರಿಗೂ ಸಾಧ್ಯ. ಶಿಕ್ಷಕಿಯು ಧಾರಾವಾಹಿಯ ಬಗೆಗೆ ತಮ್ಮ ಮನಸ್ಸನ್ನು ಇಷ್ಟು ಬಾರಿ ಬದಲಿಸಿದ್ದು ಚಂಚಲತೆಯಿಂದಲ್ಲ. ಒಂದು ಕಾಲದಲ್ಲಿ ಅದು ಬದಲಾಗದೆ ನಿಂತಿದ್ದುದರ ಬೆಲೆಯನ್ನು ಆಕೆ ಕಂಡಿದ್ದರು.